ರವಿಕಾಭಾವ ಮೀಮಾಂಸೆ

ನಮ್ಮ ತಾರ್ಕಿಕರಿಗೆ ಗಡಿಗೆಯೊಂದನ್ನು ಬಿಟ್ಟರೆ ಬಟ್ಟೆಯ ಮೇಲೆ ಇದ್ದಷ್ಟು ಮೋಹ ಬೇರೆ ಯಾವ ವಸ್ತುವಿನ ಮೇಲೂ ಇದ್ದಂತಿಲ್ಲ. ನೂಲು ಬಟ್ಟೆಗೆ ಸಮವಾಯಿ ಕಾರಣ, ಮಗ್ಗ ಲಾಳಿಗಳು ನಿಮಿತ್ತ ಕಾರಣ, ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ ಎಂದು ಶತಮಾನಗಟ್ಟಲೆ ವಾದ ಮಾಡಿದರು. ಆದರೆ ಮಗ್ಗದಿಂದ ಇಳಿದ ಬಟ್ಟೆ ಟೈಲರ್ ಅಂಗಡಿಯ ಮೆಟ್ಟಿಲು ಹತ್ತಿದ ಮೇಲೆ ಅದರ ಗತಿಯೇನು ಎಂಬಲ್ಲಿ ಎಲ್ಲ ಆಚಾರ್ಯರೂ ಮೌನ. ಪಂಚೆ ಉಟ್ಟು ಉತ್ತರೀಯ ಹೊದ್ದವರಿಗೆ ಹೊಲಿಗೆಯವರ ಹಂಗಿರಲಿಲ್ಲ, ಅದೇ ಕಾರಣವಿರಬೇಕು. ಆ ಲೋಪವನ್ನು ತುಂಬಲು ಈ ಗ್ರಂಥ. ಶಾಸ್ತ್ರದ ಪದ್ಧತಿಯಂತೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಧಿಕಾರಿ: ಮದುವೆಗೆ ಎರಡು ದಿನವಿದ್ದರೂ ಬ್ಲೌಸು ಕೈಗೆ ಬಾರದವರು. ವಿಷಯ: ಆ ಬ್ಲೌಸು. ಸಂಬಂಧ: ಅಡ್ವಾನ್ಸು ಕೊಟ್ಟಾಗಿದೆ. ಪ್ರಯೋಜನ: ಇಲ್ಲ.

ಕ್ಷೇತ್ರಾಧ್ಯಯನ ನಡೆದದ್ದು ಮೈಸೂರಿನ ಒಂದು ಲೇಡೀಸ್ ಟೈಲರ್ ಅಂಗಡಿಯಲ್ಲಿ. ಹೆಸರು ಬೇಡ, ಪದಾರ್ಥ ಸಾರ್ವತ್ರಿಕವಾದದ್ದು. ಗೋಡೆಯ ಮೇಲೆ ಕತ್ತಿನ ಡಿಸೈನುಗಳ ಪಟ, ಮೂಲೆಯಲ್ಲಿ ಓವರ್‌ಲಾಕ್ ಮೆಷಿನ್ನು, ಮೊಳೆಮೊಳೆಗೂ ಪ್ಲಾಸ್ಟಿಕ್ ಕವರು, ಪ್ರತಿ ಕವರಿನಲ್ಲೂ ಯಾರದೋ ಅಳತೆ ಬ್ಲೌಸು. ಕೊರಳಿಗೆ ಟೇಪು ಹಾಕಿಕೊಂಡ ಮಾಸ್ಟರು ಅತಿ ಸೌಮ್ಯರು. ಯಾರಿಗೂ ‘ಆಗಲ್ಲ’ ಎಂದವರಲ್ಲ. ಸಮಸ್ಯೆಯ ಬೀಜ ಇರುವುದು ಅಲ್ಲೇ.

ಅವರ ಮೂಲಸೂತ್ರ ಒಂದೇ: “ನಾಳೆ ಬನ್ನಿ ಅಕ್ಕ.” ಅದರ ವೃತ್ತಿಗಳು ಹಲವು, ಪ್ರತಿಯೊಂದಕ್ಕೂ ನಿಶ್ಚಿತಾರ್ಥವಿದೆ. “ಹುಕ್ಕೊಂದು ಬಾಕಿ” ಎಂದರೆ ತೋಳು ಇನ್ನೂ ಕೂತಿಲ್ಲ. “ಲೈನಿಂಗ್ ನೀರಿಗೆ ಹಾಕಿದೀನಿ” ಎಂದರೆ ಕತ್ತರಿಯೇ ಬಿದ್ದಿಲ್ಲ, ಏಕೆಂದರೆ ಹತ್ತಿ ಲೈನಿಂಗನ್ನು ಕುಗ್ಗಿಸಲು ನೆನೆಹಾಕುವುದು ಕಟಿಂಗಿಗೂ ಮೊದಲಿನ ಕೆಲಸ. “ಕಾಜಾದವನು ಬಂದಿಲ್ಲ” ಎಂಬ ಉತ್ತರ ಬಂದರೆ ಅದು ನಿಮಗೆ ಹೇಳಿದ್ದೇ ಅಲ್ಲ. ಹುಕ್ಕಿನ ಬ್ಲೌಸಿಗೆ ಕಾಜಾ ಎಲ್ಲಿಂದ ಬಂತು? ಹಿಂದೆ ನಿಂತ ಯಾರದೋ ಅಂಗಿಗೆ ಸಲ್ಲಬೇಕಾದ ಸುಳ್ಳು ದಾರಿತಪ್ಪಿ ನಿಮ್ಮ ಪಾಲಿಗೆ ಬಂದಿದೆ.

1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿಡುತ್ತಿದ್ದರು. ರಾತ್ರಿ ಬರುವ ದೆವ್ವ ಅದನ್ನು ಓದಿ ಹಿಂತಿರುಗಿ, ಮಾರನೆಯ ರಾತ್ರಿ ಬಂದು ಮತ್ತೆ ಅದನ್ನೇ ಓದಿ ಹಿಂತಿರುಗುತ್ತದೆಂದು ನಂಬಿಕೆ. ಟೈಲರ್ ಅಂಗಡಿಯ ಮಟ್ಟಿಗೆ ಆ ದೆವ್ವ ನಾವೇ. ಭೇದ ಇಷ್ಟೇ: ಅದು ಯಾವ ಮನೆಗೂ ಮುಂಗಡ ಕೊಟ್ಟಿರಲಿಲ್ಲ.

ಈಗ ಸಿದ್ಧಾಂತಕ್ಕೆ ಬರೋಣ. ‘ಇಲ್ಲ’ ಎಂಬುದರಲ್ಲಿ ನಾಲ್ಕು ಬಗೆಯೆಂದು ಅನ್ನಂಭಟ್ಟನ ತರ್ಕಸಂಗ್ರಹ ಓದಿದವರಿಗೆಲ್ಲ ಗೊತ್ತು. ಗಿರಾಕಿಗಳು ಕೌಂಟರಿನ ಮೇಲೆ ಕೈ ಬಡಿದು ಕೂಗಾಡಲು ಕಾರಣ ಈ ನಾಲ್ಕನ್ನೂ ಒಂದೇ ಎಂದು ತಿಳಿದದ್ದು. ವಸ್ತು ಹುಟ್ಟುವ ಮೊದಲಿನ ಇಲ್ಲದಿರುವಿಕೆ ಪ್ರಾಗಭಾವ. ಅದಕ್ಕೆ ಆದಿ ಇಲ್ಲ, ಅಂತ್ಯವಿದೆ. ಧಾರೆಯ ಹಿಂದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ, ಇಸ್ತ್ರಿಯ ಬಿಸಿ ಆರದೆ ಬ್ಲೌಸು ಕೈಗೆ ಬಂದೇ ಬರುತ್ತದೆ. ಇದಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ವಸ್ತು ನಾಶವಾದ ಮೇಲಿನ ಪ್ರಧ್ವಂಸಾಭಾವಕ್ಕೆ; ಅದಕ್ಕೆ ಆದಿ ಉಂಟು, ಅಂತ್ಯವಿಲ್ಲ. ಬ್ಲೌಸು ಲೂಸಾದರೆ ಹಿಡಿಸಬಹುದು, ಟೈಟಾದರೆ ಒಳಗೆ ಬಿಟ್ಟ ಬಟ್ಟೆ ಬಿಚ್ಚಿಸಬಹುದು. ಬೆನ್ನ ಮೇಲೆ ಒಮ್ಮೆ ಇಳಿದ ಕತ್ತನ್ನು ಮೇಲೇರಿಸುವ ವಿದ್ಯೆ ಇನ್ನೂ ಹುಟ್ಟಿಲ್ಲ. ಸೀರೆಯ ತುದಿಯಲ್ಲೇ ನೇಯ್ದು ಬಂದ, ಒಂದು ಮೀಟರಿಗೂ ಸಾಲದ ಆ ತುಂಡಿಗೆ ಇನ್ನೊಂದು ಜೊತೆ ಲೋಕದಲ್ಲಿಲ್ಲ. ಒಂದು ಇನ್ನೊಂದಲ್ಲವೆಂಬ ಅನ್ಯೋನ್ಯಾಭಾವವೆಂದರೆ ಕವರು ಬಿಚ್ಚಿದಾಗ ಯಾರದೋ ಬೋಟ್ ನೆಕ್ಕು ಹೊರಬರುವುದು. ನಾಲ್ಕನೆಯದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಹಗಲೆಲ್ಲ ಮಾಸ್ಟರು ಹೊಲಿಯುವುದನ್ನು ಕಂಡವರಿಲ್ಲ. ಅಳತೆ ತೆಗೆಯುತ್ತಾರೆ, ಚೀಟಿ ಬರೆಯುತ್ತಾರೆ, ಸೂತ್ರ ಹೇಳುತ್ತಾರೆ. ಆದರೂ ಕವರುಗಳು ಖಾಲಿಯಾಗುತ್ತವೆ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ಮೀಮಾಂಸಕರು ಅರ್ಥಾಪತ್ತಿಯಿಂದ ಸಾಧಿಸಿದಂತೆ ಇವರು ರಾತ್ರಿ ಹೊಲಿಯುತ್ತಾರೆಂಬುದು ಸಿದ್ಧ. ಯಾರದನ್ನು? ಮೊದಲು ಕೊಟ್ಟವರದನ್ನಲ್ಲ, ಆ ಸಂಜೆ ಕೊನೆಗೆ ಜಗಳವಾಡಿ ಹೋದವರದನ್ನು. ಚೀಟಿಯ ತಾರೀಕು ಅಲಂಕಾರಕ್ಕೆ ಮಾತ್ರ. ಇದು ಅವ್ಯವಸ್ಥೆಯಲ್ಲ, ಗಂಟಲನ್ನು ಆಧಾರವಾಗಿಟ್ಟುಕೊಂಡ ಪಕ್ಕಾ ವ್ಯವಸ್ಥೆ. ಸುಮ್ಮನೆ ಕಾಯುವ ಸಭ್ಯರ ಕವರು ಮೊಳೆಯ ಬುಡಕ್ಕೆ ಸರಿಯುತ್ತಾ ಹೋಗುತ್ತದೆ. ಮಾಸ್ಟರ ಪರವಾಗಿಯೂ ಒಂದು ಮಾತು: ಆಷಾಢದಲ್ಲಿ ಅಂಗಡಿಗೆ ಕಾಗೆಯೂ ಬರುವುದಿಲ್ಲ, ಬಾಡಿಗೆ ಮಾತ್ರ ಆಷಾಢ ನೋಡುವುದಿಲ್ಲ. ಶ್ರಾವಣ ಹುಟ್ಟಿದರೆ ವರಮಹಾಲಕ್ಷ್ಮಿಗೊಂದು, ಗೌರಿಗೊಂದು ಎಂದು ಇಡೀ ಬಡಾವಣೆ ಒಟ್ಟಿಗೆ ನುಗ್ಗುತ್ತದೆ. ಆಗ ‘ಆಗಲ್ಲ’ ಎಂದರೆ ಗಿರಾಕಿ ಎದುರಿನ ಅಂಗಡಿಗೆ. ‘ನಾಳೆ’ ಎಂದರೆ ಇಲ್ಲಿಗೇ.

ಸಿಟ್ಟಿನಿಂದ “ಹಾಗಾದ್ರೆ ಬಟ್ಟೆ ವಾಪಸ್ ಕೊಡಿ” ಎಂದವರಿಗೆ ಉತ್ತರ ಸಿದ್ಧವಾಗಿದೆ: “ಕಟಿಂಗ್ ಆಗೋಗಿದೆ ಅಕ್ಕ.” ಒಬ್ಬರು ಕತ್ತರಿಸಿದ್ದನ್ನು ಇನ್ನೊಬ್ಬ ಟೈಲರು ಸುಲಭಕ್ಕೆ ಮುಟ್ಟುವುದಿಲ್ಲ. ಕವರಿನೊಳಗೆ ನಿಜಕ್ಕೂ ಕತ್ತರಿ ಆಡಿದೆಯೇ ಎಂಬುದಕ್ಕೆ ಆಪ್ತವಾಕ್ಯವೇ ಪ್ರಮಾಣ.

ಪೂರ್ವಪಕ್ಷ: ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆಯಲ್ಲ? ಇದೆ. 1986ರದ್ದು ಹೋಗಿ 2019ರದ್ದು ಬಂತು, ಜಾರಿಯಾದದ್ದು 2020ರ ಜುಲೈನಲ್ಲಿ. ಹೇಳಿದ ದಿನಕ್ಕೆ ಕೊಡದಿರುವುದಕ್ಕೆ ಅಲ್ಲಿ ‘ಸೇವಾ ನ್ಯೂನತೆ’ ಎಂಬ ಗಂಭೀರ ಹೆಸರೂ ಉಂಟು. ಜಿಲ್ಲಾ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದಿಲ್ಲ, 1915ಕ್ಕೆ ಫೋನೂ ಮಾಡಬಹುದು. ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ನಮ್ಮ ಬಿಲ್ಲೋ, ಅದೇ ಬಟ್ಟೆಯ ಚೂರನ್ನು ಸ್ಟೇಪ್ಲರ್ ಹೊಡೆದ ಒಂದು ಚೀಟಿ. ಅದನ್ನೂ ದಾಖಲೆಯಾಗಿ ಹಾಜರುಪಡಿಸಬಹುದು. ದಾವೆ ಗೆಲ್ಲಲೂಬಹುದು. ಆದರೆ ಅಳತೆ ಬ್ಲೌಸು? ಮೈಗೆ ಸರಿಯಾಗಿ ಕೂರುವ ಆ ಒಂದೇ ಒಂದು ಬ್ಲೌಸು ಪ್ರತಿವಾದಿಯ ಮೊಳೆಯ ಮೇಲಿದೆ. ಒತ್ತೆಯಾಳನ್ನು ಬಿಡಿಸಿಕೊಳ್ಳದೆ ಯುದ್ಧ ಸಾರುವುದನ್ನು ಕೌಟಿಲ್ಯನೂ ಒಪ್ಪಲಾರ.

ಇನ್ನು ಕೆಲವರದು ಸನ್ಯಾಸ ಮಾರ್ಗ: ಹೊಲಿಸುವುದೇ ಬೇಡ. ಅರಿಶಿನ ಕುಂಕುಮದ ಜೊತೆ ಕೊಡುವ ರವಿಕೆ ಕಣಗಳು ಈ ಮಾರ್ಗದ ಪರಮಹಂಸರು. ಮನೆಯಿಂದ ಮನೆಗೆ ಸಂಚಾರ, ಕತ್ತರಿಯ ಸೋಂಕಿಲ್ಲ. ಸಂಸಾರಿಗಳಿಗೆ ಉಳಿಯುವುದು ಸುಳ್ಳೊಂದೇ. 20ಕ್ಕೆ ಮದುವೆಯಿದ್ದರೆ 10ಕ್ಕೆ ಎನ್ನುವುದು. ಮಾಸ್ಟರಿಗೆ ಇದು ಗೊತ್ತು. ಆದ್ದರಿಂದ ಅವರು 10ನ್ನು 20 ಎಂದೇ ಬರೆದುಕೊಳ್ಳುತ್ತಾರೆ. ಅದು ನಮಗೂ ಗೊತ್ತಾಗಿ, ಈಗ ಪುರೋಹಿತರು ಮುಹೂರ್ತ ಇಡುವ ಮೊದಲೇ ಬಟ್ಟೆ ಕೊಡುವ ಹಂತಕ್ಕೆ ಶಾಸ್ತ್ರ ಮುಂದುವರಿದಿದೆ.

ಕೊನೆಯದು ಅತ್ಯಂತಾಭಾವ, ಮೂರು ಕಾಲದಲ್ಲೂ ಇಲ್ಲದಿರುವುದು. ಉದಾಹರಣೆ: ಮಿಕ್ಕ ಬಟ್ಟೆ. ಕೇಳಿದರೆ “ಎಲ್ಲಿ ಉಳಿಯುತ್ತೆ ಅಕ್ಕ, ತೋಳು ಉದ್ದ ಇಟ್ಟಿದೀವಲ್ಲ” ಎನ್ನುತ್ತಾರೆ. ಈ ಅಭಾವ ಅತ್ಯಂತವಲ್ಲವೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣ ಸಿಕ್ಕಿದ್ದು ಮಾಸ್ಟರು ಟೀ ಕುಡಿಯಲು ಎದ್ದಾಗ. ಅವರ ಸ್ಟೂಲಿನ ಮೇಲಿನ ದಿಂಬು ಬಣ್ಣಬಣ್ಣದ ತುಂಡುಗಳನ್ನು ಸೇರಿಸಿ ಹೊಲಿದದ್ದು. ನಟ್ಟನಡುವೆ ಜರಿ ಅಂಚಿನ ರಾಮಾ ಹಸಿರು ಮೈಸೂರು ಸಿಲ್ಕು.

“ಇದು ನಮ್ಮದಲ್ವಾ ಮಾಸ್ಟ್ರೇ?”

“ಹೂಂ ಅಕ್ಕ, ಒಳ್ಳೆ ಬಟ್ಟೆ. ಎಷ್ಟು ವರ್ಷ ಆದ್ರೂ ಬಣ್ಣ ಹೋಗಿಲ್ಲ ನೋಡಿ. ಬೇಕಾದ್ರೆ ನಿಮ್ಗೂ ಒಂದು ದಿಂಬು ಹೊಲ್ಕೊಡ್ತೀನಿ, ಬಟ್ಟೆ ತಂದ್ಕೊಡಿ.”

ಬಟ್ಟೆ ಕೊಟ್ಟಾಗಿದೆ. ಅಡ್ವಾನ್ಸೂ.