ಇಪ್ಪತ್ತೆರಡನೇ ಕಂತಿನ ಮಹಿಮೆ

ಒಂದು ಸಿನಿಮಾ ಕಥೆ ಹೇಳ್ತೀನಿ, ಕೇಳಿ. ಮೂರು ಗಂಟೆ ಒಂದು ನಿಮಿಷದ ಚಿತ್ರ. ಖಳನಾಯಕನ ತಲೆ ಮೊದಲ ಅರ್ಧ ಗಂಟೆಯೊಳಗೇ ಹಾರಿಹೋಗುತ್ತದೆ. ಆಮೇಲೆ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ದೊಡ್ಡ ಯುದ್ಧವೇ ಇಲ್ಲ. ಲೋಕರಕ್ಷಕರೆಲ್ಲ ಮುಖ ಸಪ್ಪೆ ಮಾಡಿಕೊಂಡು ಓಡಾಡುತ್ತಾರೆ. ಸಾಕ್ಷಾತ್ ಗುಡುಗಿನ ದೇವರು ಹೊಟ್ಟೆ ಬೆಳೆಸಿಕೊಂಡು, ಬಿಯರ್ ಹೀರುತ್ತ, ವಿಡಿಯೋ ಗೇಮಿನ ಮುಂದೆ ಬಿದ್ದಿರುತ್ತಾನೆ. ಕೊನೆಗೆ ವಿಶ್ವವನ್ನು ಉಳಿಸುವ ದಾರಿ ತೋರಿಸುವುದು ಒಂದು ಇಲಿ. ಹಳೇ ವ್ಯಾನಿನೊಳಗಿನ ಯಂತ್ರದ ಗುಂಡಿಯ ಮೇಲೆ ಅದು ಅಚಾನಕ್ಕಾಗಿ ಕಾಲಿಡುತ್ತದೆ, ಅಷ್ಟೇ. ಈ ಕಥೆ ಹಿಡಿದುಕೊಂಡು ಗಾಂಧಿನಗರದ ನಿರ್ಮಾಪಕರ ಹತ್ತಿರ ಹೋಗಿದ್ದರೆ, 'ಕಾಫಿ ಕುಡ್ದು ಹೊರಡಿ ಸಾರ್' ಅನ್ನುತ್ತಿದ್ದರು.

ಆದರೆ 2019ರ ಏಪ್ರಿಲ್‌ನಲ್ಲಿ ಬಂದ 'ಅವೆಂಜರ್ಸ್: ಎಂಡ್‌ಗೇಮ್' ಇದೇ ಕಥೆ ಇಟ್ಟುಕೊಂಡು ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರ್ ಬಾಚಿತು. 'ಅವತಾರ್'ನಂಥ 'ಅವತಾರ್' ಕೂಡ ಒಂದೆರಡು ವರ್ಷ ಎರಡನೇ ಸ್ಥಾನಕ್ಕೆ ಸರಿದು ಕೂರಬೇಕಾಯಿತು.

'ಎಲ್ಲಾ ಗ್ರಾಫಿಕ್ಸ್ ಸಾರ್' ಎಂದು ಮೂಗು ಮುರಿಯುವವರಿದ್ದಾರೆ. ಗ್ರಾಫಿಕ್ಸ್‌ಗೇ ಜನ ಬರುವುದಾದರೆ ಹಾಲಿವುಡ್‌ನಲ್ಲಿ ಒಂದೂ ಚಿತ್ರ ಮಲಗಬಾರದಿತ್ತು. ಗುಟ್ಟು ಬೇರೆ ಇದೆ. ಇದು ಸಿನಿಮಾ ಅಲ್ಲ ಸ್ವಾಮಿ, ಚೀಟಿ! 2008ರಲ್ಲಿ 'ಐರನ್ ಮ್ಯಾನ್' ಎಂಬ ಮೊದಲ ಕಂತು ಕಟ್ಟಿಸಿಕೊಂಡರು. ಹನ್ನೊಂದು ವರ್ಷದಲ್ಲಿ ಇಪ್ಪತ್ತೊಂದು ಕಂತು ತಪ್ಪದೆ ಕಟ್ಟಿದೆವು. ಇಪ್ಪತ್ತೆರಡನೆಯದು ಚೀಟಿ ಎತ್ತುವ ದಿನ. ದುಡ್ಡು ಕೈಗೆ ಬರುವ ದಿನ ಯಾರಾದರೂ ಮನೆಯಲ್ಲಿ ಕೂರುತ್ತಾರೆಯೇ?

ಚೀಟಿ ನಡೆಸಿದ ಮಾರ್ವೆಲ್‌ ಸಂಸ್ಥೆಯೇನು ಹುಟ್ಟು ಶ್ರೀಮಂತನಲ್ಲ. 1996ರಲ್ಲಿ ಅದು ದಿವಾಳಿ ಅರ್ಜಿ ಹಾಕಿದ ಆಸಾಮಿ. ಸ್ಪೈಡರ್‌ಮ್ಯಾನ್‌ನ ಸಿನಿಮಾ ಹಕ್ಕು ಸೋನಿಯ ಪಾಲಾಗಿತ್ತು, ಎಕ್ಸ್‌ಮೆನ್ ಬಳಗದ್ದು ಫಾಕ್ಸ್‌ನ ಪಾಲು. ಸ್ವಂತಕ್ಕೆ ಚಿತ್ರ ಮಾಡೋಣವೆಂದರೆ ಕಾಸಿಲ್ಲ. 2005ರಲ್ಲಿ ಮೆರಿಲ್ ಲಿಂಚ್‌ನವರ ಮೂಲಕ 52.5 ಕೋಟಿ ಡಾಲರ್ ಸಾಲ ಎತ್ತಿದರು. ಅಡವಿಟ್ಟದ್ದು ಏನನ್ನು ಅಂದುಕೊಂಡಿರಿ? ಕ್ಯಾಪ್ಟನ್ ಅಮೆರಿಕಾ, ಆ್ಯಂಟ್‌ಮ್ಯಾನ್, ಬ್ಲ್ಯಾಕ್ ಪ್ಯಾಂಥರ್, ಡಾಕ್ಟರ್ ಸ್ಟ್ರೇಂಜ್ ಮುಂತಾದವರ ಸಿನಿಮಾ ಹಕ್ಕುಗಳನ್ನು! ಚಿತ್ರಗಳು ತೋಪಾಗಿದ್ದರೆ ಲೋಕ ಕಾಯುವ ಶೂರರನ್ನು ಸಾಲ ಕೊಟ್ಟವರು ಎಳೆದೊಯ್ಯುತ್ತಿದ್ದರು. ಇಷ್ಟು ಸಾಲದ್ದಕ್ಕೆ, ಮಾದಕ ವ್ಯಸನದಿಂದ ಜೈಲು ಕಂಡು ಬಂದಿದ್ದ ರಾಬರ್ಟ್ ಡೌನಿ ಜೂನಿಯರ್‌ನನ್ನು ಮೊದಲ ಚಿತ್ರದ ನಾಯಕ ಮಾಡಿದರು. ಅವನು ಗೆದ್ದ, ಇವರು ಉಳಿದರು. 2009ರಲ್ಲಿ ಡಿಸ್ನಿ ಬಂದು ಸುಮಾರು 400 ಕೋಟಿ ಡಾಲರ್‌ಗೆ ಇಡೀ ಅಂಗಡಿಯನ್ನೇ ಕೊಂಡುಕೊಂಡಿತು.

ಚೀಟಿ ನಡೆಸುವವರು ರಾತ್ರೋರಾತ್ರಿ ಊರು ಬಿಡುವುದು ನಮಗೆ ಹೊಸದಲ್ಲ. ಎಷ್ಟೋ ಚಿತ್ರಸರಣಿಗಳು ಕೊನೆಯ ಭಾಗದಲ್ಲಿ ಮಾಡುವುದೂ ಅದನ್ನೇ. ಎಂಡ್‌ಗೇಮ್ ಗೆದ್ದದ್ದು ಓಡಿಹೋಗದೆ, ಪೈಸೆ ಪೈಸೆ ಎಣಿಸಿ ಕೊಟ್ಟದ್ದಕ್ಕೆ. 2015ರ ಚಿತ್ರದ ಪಾರ್ಟಿಯೊಂದರಲ್ಲಿ ಕ್ಯಾಪ್ಟನ್ ಅಮೆರಿಕಾ ಆ ಗುಡುಗಿನ ದೇವರು ಥಾರ್‌ನ ಸುತ್ತಿಗೆ ಎತ್ತಲು ಹೋದಾಗ ಅದು ಕೂದಲೆಳೆಯಷ್ಟು ಅಲುಗಿತ್ತು. ಥಾರ್‌ನ ನಗು ಅರೆಗಳಿಗೆ ಮಾಯವಾಗಿತ್ತು. ಅದು ಅಸಲು. ನಾಲ್ಕು ವರ್ಷದ ಮೇಲೆ ಅದೇ ಸುತ್ತಿಗೆ ಹಾರಿ ಬಂದು ಕ್ಯಾಪ್ಟನ್ ಕೈ ಸೇರಿದಾಗ ಬಿದ್ದ ಸಿಳ್ಳೆ ಇದೆಯಲ್ಲ, ಅದು ಬಡ್ಡಿ. 2014ರಲ್ಲಿ ಲಿಫ್ಟ್‌ನೊಳಗೆ ಒಂದು ಗುಂಪನ್ನೇ ಬಡಿದು ಹಾಕಿದ್ದ ಕ್ಯಾಪ್ಟನ್ ಈ ಸಲ ಅಂಥದೇ ಲಿಫ್ಟ್‌ನಲ್ಲಿ ಕಿವಿಯಲ್ಲಿ ಎರಡು ಮಾತು ಉಸುರಿ, ಏಟು ಕೊಡದೆ ಆಚೆ ಬರುತ್ತಾನೆ. ಹಳೆಯ ಹೊಡೆದಾಟ ನೆನಪಿದ್ದವರಿಗೆ ಮಾತ್ರ ಹೊಸ ನಗು. ನೆನಪಿಲ್ಲದವರು 'ಇದರಲ್ಲಿ ನಗೋದೇನಿದೆ?' ಎಂದು ಪಕ್ಕದವರನ್ನು ಕೇಳಿ, ಆ ಪಕ್ಕದ ಪಂಡಿತನಿಂದ ಇಂಟರ್‌ವಲ್‌ವರೆಗೂ ಉಪನ್ಯಾಸ ಕೇಳಬೇಕಾಯಿತು.

ಕಾಲಪ್ರಯಾಣದ ತರ್ಕ ಕೇಳಬೇಡಿ. ಅದರಲ್ಲಿ ತೂತುಗಳಿವೆ ಎಂದು ಆ ಪಂಡಿತನಿಗೂ ಗೊತ್ತು. ಅದು ಹಳೆಯ ಚಿತ್ರಗಳೊಳಗೆ ಮತ್ತೊಮ್ಮೆ ಸುತ್ತಾಡಿಸಲು ನಿರ್ದೇಶಕರಾದ ರೂಸೋ ಸಹೋದರರು ಹೂಡಿದ ನೆಪ. ಯಾರೂ ಹೊಗಳದ 2013ರ 'ಥಾರ್: ದ ಡಾರ್ಕ್ ವರ್ಲ್ಡ್' ಕೂಡ ಇಲ್ಲಿ ಪ್ರಯೋಜನಕ್ಕೆ ಬಂತು: ಸೋತು ಸುಣ್ಣವಾದ ಥಾರ್ ಅಲ್ಲಿಗೆ ಹೋಗಿ, ಸಾಯಲಿರುವ ತಾಯಿಯ ಮುಂದೆ ಅಳುತ್ತಾನೆ. ಮುಳುಗಿತೆಂದುಕೊಂಡ ಕಂತಿಗೂ ಬೆಲೆ ಬಂತಲ್ಲ!

ಇನ್ನು, ಲೆಕ್ಕ ಚುಕ್ತಾ ಮಾಡಿದ ರೀತಿ ನೋಡಿ. ಮೊದಲ ಚಿತ್ರದ ಕೊನೆಯಲ್ಲಿ ಟೋನಿ ಸ್ಟಾರ್ಕ್ ಪತ್ರಕರ್ತರ ಮುಂದೆ ಜಂಭದಿಂದ ಹೇಳಿದ್ದ 'ನಾನೇ ಐರನ್ ಮ್ಯಾನ್' ಎಂಬ ಮಾತನ್ನೇ ಸಾಯುವ ಮುನ್ನ ಹೇಳುತ್ತಾನೆ. ಅಂದು ಮೆರೆಯಲು, ಇಂದು ತೆರಲು. ಇತ್ತ ಕ್ಯಾಪ್ಟನ್, ಹಿಮದಲ್ಲಿ ಹೂತುಹೋಗುವ ಮುಂಚೆ ಪ್ರೇಯಸಿ ಪೆಗ್ಗಿಗೆ ಮಾತು ಕೊಟ್ಟಿದ್ದ ನೃತ್ಯವನ್ನು ಕೊನೆಗೂ ಮುಗಿಸಿ, ಮುದುಕನಾಗಿ ಬಂದು ಬೆಂಚಿನ ಮೇಲೆ ಕೂರುತ್ತಾನೆ. ಸ್ವಾರ್ಥಿ ತ್ಯಾಗಿಯಾದ, ತ್ಯಾಗಿ ಒಂದಿಷ್ಟು ತನಗಾಗಿ ಬದುಕಿದ. ಇಷ್ಟು ತೂಗಿಸಿ ಬರೆದ ಮಾರ್ಕಸ್ ಮತ್ತು ಮ್ಯಾಕ್‌ಫೀಲಿ ಜೋಡಿಗೆ ಒಂದು ಶಭಾಷ್ ಹೇಳಲೇಬೇಕು. ಹೆಸರುಗಳೆಲ್ಲ ಉರುಳಿ ಮುಗಿದ ಮೇಲೆ ಬರುವ ಬಾಲದ ದೃಶ್ಯವೂ ಇಲ್ಲ. ಕಸ ಗುಡಿಸುವವರು ಬಂದು ನಿಂತರೂ ಏಳದ ಮಾರ್ವೆಲ್ ಭಕ್ತರಿಗೆ ಸಿಕ್ಕಿದ್ದು ಕಬ್ಬಿಣ ಬಡಿಯುವ ಸದ್ದು ಮಾತ್ರ. ಅಂಗಡಿ ಬಾಗಿಲು ಹಾಕಿದೆ, ಮನೆಗೆ ಹೋಗಿ ಎಂದರ್ಥ. ಮುಗಿಯಿತು ಎಂದು ಹೇಳುವ ಧೈರ್ಯಕ್ಕೇ ಜನ ಎರಡೆರಡು ಸಲ ಟಿಕೆಟ್ ಕೊಂಡರು.

ನಮ್ಮ ಕಡೆಯ ಪ್ರೀತಿಯೂ ಕಡಿಮೆಯದಲ್ಲ. ಚಿತ್ರ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಎ. ಆರ್. ರೆಹಮಾನ್ ಮಾಡಿದ ಪ್ರಚಾರಗೀತೆಯೂ ಆ ಮೂರು ಭಾಷೆಗಳಲ್ಲೇ. ಕನ್ನಡಕ್ಕೆ ಎರಡೂ ಇಲ್ಲ. ಆದರೂ ನಾವು ಬಿಟ್ಟೆವೇ? ಇಂಗ್ಲಿಷ್‌ನಲ್ಲೇ ಅತ್ತೆವು. ಅರ್ಧ ಜೋಕು ಅರ್ಥವಾಗದಿದ್ದರೂ ಪಕ್ಕದವನಿಗಿಂತ ಒಂದು ಕ್ಷಣ ಮೊದಲೇ ನಕ್ಕೆವು.

ಚೀಟಿಯವರಿಗೆ ಮಾತ್ರ ಕೈ ಸುಮ್ಮನಿರಲಿಲ್ಲ. ಹೊಸ ಚೀಟಿ ತೆರೆದರು. ಸಿನಿಮಾ ಸಾಲದೆಂದು ಒಟಿಟಿ ಸರಣಿಗಳನ್ನೂ ಸುರಿದರು. ಕಂತು ವಾರವಾರ ಬರತೊಡಗಿದ ಮೇಲೆ ಕಾಯುವ ಸುಖವೇ ಹೋಯಿತು. ಕಾಯದವನಿಗೆ ಬಡ್ಡಿ ಎಲ್ಲಿಂದ ಬರಬೇಕು? ಗಿರಾಕಿಗಳು ಗೊಣಗಿದ್ದೇ ತಡ, 2024ರ ಜುಲೈನಲ್ಲಿ ಹಳೆಯ ಮುಖವನ್ನೇ ಕರೆತಂದು ವೇದಿಕೆಯಲ್ಲಿ ನಿಲ್ಲಿಸಿದರು. ಸತ್ತ ಟೋನಿ ಏಳಲಿಲ್ಲ. ಅದೇ ಡೌನಿ, ಈ ಸಲ ಖಳನಾಯಕ ಡಾಕ್ಟರ್ ಡೂಮ್. ಡೂಮ್ ಎಂದರೆ ಕಾಮಿಕ್ಸ್‌ನಲ್ಲಿ ಸದಾ ಲೋಹದ ಮುಖವಾಡದೊಳಗೆ ಇರುವವನು. ಕೋಟಿಗಟ್ಟಲೆ ಬೆಲೆಯ ಮುಖ ತಂದು, ಅದರ ಮೇಲೆ ಮುಚ್ಚಳ ಹಾಕಿ, ಅದನ್ನೇ ನೋಡಲು ನಮ್ಮಿಂದ ಕಂತು ಕಟ್ಟಿಸಿಕೊಳ್ಳುವವರ ವ್ಯಾಪಾರಬುದ್ಧಿಗೆ ಏನನ್ನೋಣ? ನಗಬೇಡಿ, ಬುಕಿಂಗ್ ಶುರುವಾದ ದಿನ ನೀವೂ ಸಾಲಿನಲ್ಲಿರುತ್ತೀರಿ. ನನಗಿಂತ ಮುಂದೆ ನಿಲ್ಲಬೇಡಿ, ಅಷ್ಟೇ.