ಮಾಡೆಲ್ ಮಟ್ಟುಗುಳ್ಳ

ಮನುಷ್ಯರ ಚಿತ್ರ ಬರೆಯುವುದನ್ನು ನಾನು ಬಿಟ್ಟದ್ದು ಕೈಲಾಗದೆ ಅಲ್ಲ, ನಂಟಸ್ತಿಕೆ ಉಳಿಯಲಿ ಎಂದು. ಭಾವನವರ ಮೂಗನ್ನು ಇದ್ದ ಹಾಗೆ ಬರೆದರೆ ಮುಂದಿನ ಚೌತಿಗೆ ಕರೆ ಬರುವುದಿಲ್ಲ. ತಿದ್ದಿ ಬರೆದರೆ ಅಕ್ಕನೇ 'ಇದು ಯಾರು?' ಎಂದು ಕೇಳುತ್ತಾಳೆ. ತರಕಾರಿಯಲ್ಲಿ ಈ ರಗಳೆ ಇಲ್ಲ. ಸೊಂಟ ದಪ್ಪ ಬಂತೆಂದು ಮುನಿಸಿಕೊಂಡ ಬದನೆಕಾಯಿಯನ್ನು ನಾನಂತೂ ಕಂಡಿಲ್ಲ. ಹಾಗಾಗಿ ನಿವೃತ್ತಿಯ ನಂತರ ನಾನು ಸ್ಟಿಲ್ ಲೈಫ್‌ಗೆ ಇಳಿದೆ.

17ನೇ ಶತಮಾನದಲ್ಲಿ ಫ್ರೆಂಚ್ ಅಕಾಡೆಮಿಯವರು ಚಿತ್ರಗಳಿಗೆ ಪಂಕ್ತಿ ಹಾಕಿದಾಗ ಪುರಾಣ, ಇತಿಹಾಸದ ಚಿತ್ರಗಳನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ಹಣ್ಣು-ಪಾತ್ರೆಗಳನ್ನು ಕೊನೆಗೆ ತಳ್ಳಿದರು. ಆದರೂ 1728ರಲ್ಲಿ ಶಾರ್ಡಾಂ ಎಂಬವನು ಹೊಟ್ಟೆ ಸೀಳಿದ ತೊರಕೆ ಮೀನು, ಅದರ ಪಕ್ಕ ಬೆಕ್ಕು ಬರೆದು ಅದೇ ಅಕಾಡೆಮಿಯ ಸದಸ್ಯನಾದ. ನಮ್ಮ ಮನೆಯಲ್ಲಿ ತೊರಕೆಯನ್ನು ಕಾಗದದ ಮೇಲೂ ತರುವ ಹಾಗಿಲ್ಲ. ಬೆಕ್ಕು ಮಾತ್ರ ಉಂಟು. ಅದು ಕೂತಲ್ಲಿ ಕೂರುವುದಿಲ್ಲ.

ನನ್ನ ಅನುಭವದಲ್ಲಿ ಅಭ್ಯಾಸಕ್ಕೆ ಸೇಬಿಗಿಂತ ಬದನೆ ಮೇಲು, ಬದನೆಗಳಲ್ಲಿ ಮಟ್ಟುಗುಳ್ಳ ಮೇಲು. ಕಡುನೇರಳೆ ಬದನೆ ತನ್ನ ನೆರಳನ್ನು ತಾನೇ ನುಂಗಿಕೊಂಡು ಬರೀ ಹೊಳಪು ತೋರಿಸುತ್ತದೆ. ತಿಳಿಹಸಿರಿನ ಗುಳ್ಳ ಹಾಗಲ್ಲ. ಬೆಳಕು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು, ಮೇಜಿಗೆ ಬಿದ್ದ ಬೆಳಕು ತಿರುಗಿ ಕೆಳ ಅಂಚಿಗೆ ಹೇಗೆ ತಾಗಿತು, ಎಲ್ಲವನ್ನೂ ಬಿಚ್ಚಿ ಹೇಳುತ್ತದೆ. ತೊಟ್ಟಿನ ಮುಳ್ಳುಗಳಂತೂ ಪೆನ್ಸಿಲಿಗೆ ಹಬ್ಬ. ಹೀಗೆಂದು ನಾನು ವಿವರಿಸುತ್ತಿದ್ದಾಗ ಒಳಗಿನಿಂದ ತೀರ್ಪು ಬಂತು: "ವಾದಿರಾಜರು ಮಟ್ಟು ಊರಿನವರಿಗೆ ಬೀಜ ಕೊಟ್ಟದ್ದು ಹುಳಿ ಮಾಡ್ಲಿಕ್ಕೆ ಮಾರಾಯ್ರೆ, ನಿಮಗೆ ಬಣ್ಣ ಹಚ್ಲಿಕ್ಕಲ್ಲ." ನಾನು ಎರಡನೆಯ ಸಲ ನೆರಳು ಹಚ್ಚುವಷ್ಟರಲ್ಲಿ ಮಾಡೆಲ್ ಬೋಳುಹುಳಿಯಾಗಿತ್ತು. ರುಚಿ ಚೆನ್ನಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಮಾಡೆಲ್ ಉಳಿದರೂ ಬೆಳಕು ಉಳಿಯಬೇಕಲ್ಲ! ಉತ್ತರದ ಕಿಟಕಿಯ ಬೆಳಕು ದಿನವಿಡೀ ಒಂದೇ ಹದದಲ್ಲಿರುತ್ತದೆ ಎಂದು ಯುರೋಪಿನವರ ಪುಸ್ತಕಗಳೆಲ್ಲ ಹೇಳುತ್ತವೆ. ಅವರ ಸೂರ್ಯ ದಕ್ಷಿಣ ಬಿಟ್ಟು ಬರುವವನಲ್ಲ. ನಮ್ಮ ಉಡುಪಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಅವನು ನೆತ್ತಿ ದಾಟಿ ಉತ್ತರಕ್ಕೇ ಬಂದು ನಿಲ್ಲುತ್ತಾನೆ. ಜೂನಿನಲ್ಲಿ ಬರುವುದೇ ಇಲ್ಲ. ಮಳೆಗಾಲದಲ್ಲಿ ಬಣ್ಣ ಒಣಗುವುದಿಲ್ಲ, ಕಾಗದ ಮೊದಲು ಬೂಸಲು ಹಿಡಿಯುತ್ತದೆ. ಇನ್ನು ಅಳತೆ. ಕೈಯನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳು ಸರಿಸುತ್ತಾ ಅಳೆಯಬೇಕು. ಎದುರುಮನೆಯವರು ಆ ಬದಿಯ ಕಿಟಕಿಗೆ ಈಗ ಪರದೆ ಹಾಕಿದ್ದಾರೆ.

ಫ್ರಾನ್ಸಿನ ಚಿತ್ರಕಾರ ಸೆಜಾನ್‌ನ ನಿಧಾನ ಎಷ್ಟೆಂದರೆ ಚಿತ್ರ ಮುಗಿಯುವ ಮೊದಲೇ ಹಣ್ಣು ಕೊಳೆಯುತ್ತಿತ್ತಂತೆ. 1899ರಲ್ಲಿ ಅವನೆದುರು ಕೂತ ವೊಲ್ಲಾರ್ ಎಂಬ ಚಿತ್ರವ್ಯಾಪಾರಿ ತೂಕಡಿಸಿ ಕುರ್ಚಿಯಿಂದ ಬಿದ್ದಾಗ, ಸೇಬಿನ ಹಾಗೆ ಕೂರಬಾರದೇ ಎಂದು ಬೈದನಂತೆ. 115 ಬಾರಿ ಕೂತೆ ಎಂದು ವೊಲ್ಲಾರ್ ಬರೆದುಕೊಂಡಿದ್ದಾನೆ. ಕೊನೆಗೆ ಸೆಜಾನ್ ಒಪ್ಪಿಕೊಂಡದ್ದು ಅಂಗಿಯ ಎದೆಭಾಗ ಪರವಾಗಿಲ್ಲ ಎಂದಷ್ಟೆ.

ನನಗೆ ನಿಜವಾಗಿ ಹೊಟ್ಟೆಕಿಚ್ಚು ಇರುವುದು ಇಟಲಿಯ ಜಾರ್ಜೊ ಮೊರಾಂದಿಯ ಮೇಲೆ. 1890ರಲ್ಲಿ ಹುಟ್ಟಿ 1964ರಲ್ಲಿ ತೀರಿಕೊಂಡ ಈ ಪುಣ್ಯಾತ್ಮ ಬೊಲೋನ್ಯದ ಮನೆಯಲ್ಲಿ ಕೂತು ಅವೇ ಬಾಟಲಿ, ಅವೇ ಡಬ್ಬಿ, ಅವೇ ಹೂಜಿಗಳನ್ನು ಜೀವನವಿಡೀ ಬರೆದ. ಯಾವುದು ಎಲ್ಲಿತ್ತೆಂದು ಮೇಜಿನ ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದ. ಬಾಟಲಿಗಳ ಮೇಲೆ ಧೂಳು ಕೂರಲು ಬಿಡುತ್ತಿದ್ದ. ಧೂಳು ಹೊಳಪನ್ನು ತಗ್ಗಿಸುತ್ತದೆ, ಬಣ್ಣಗಳು ಮೆತ್ತಗಾಗುತ್ತವೆ. ಮನೆಯಲ್ಲಿ ಮೂವರು ತಂಗಿಯರಿದ್ದರು. ಆದರೂ ಆ ಧೂಳು ಉಳಿಯಿತು! ಕಲಾ ವಿಮರ್ಶಕರು ಅವನ ಬಣ್ಣದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಆ ಧೂಳಿನ ಬಗ್ಗೆ ಬರೆಯಬೇಕಿತ್ತು.

ನಮ್ಮಲ್ಲಿ ಸೋಮವಾರ ಮೇಜಿನ ಮೇಲಿಟ್ಟ ಹಿತ್ತಾಳೆ ಚೊಂಬು ಮಂಗಳವಾರಕ್ಕೆ ಹುಣಸೆಹುಳಿ ಕಂಡು ಫಳಫಳ ಹೊಳೆಯುತ್ತದೆ. ಬೆಳಗಿದ ಚೊಂಬನ್ನು ಬರೆಯುವುದೆಂದರೆ ಅದರೊಳಗೆ ಕಾಣುವ ಕಿಟಕಿ, ಫ್ಯಾನು, ಕನ್ನಡಕ ಹಾಕಿದ ಈ ಮುದುಕ, ಎಲ್ಲರನ್ನೂ ಬರೆಯುವುದು. ಮನುಷ್ಯರು ಬೇಡವೆಂದು ತರಕಾರಿಗೆ ಬಂದವನಿಗೆ ಇದೆಂಥ ಶಿಕ್ಷೆ! ಅದೂ ಜಲವರ್ಣದಲ್ಲಿ ಹೊಳಪನ್ನು ಹಚ್ಚುವುದಲ್ಲ, ಕಾಗದದ ಬಿಳಿಯನ್ನು ಮುಟ್ಟದೆ ಬಿಡುವುದು. ಸಾಸಿವೆಯಷ್ಟು ಜಾಗವನ್ನು ಸುಮ್ಮನೆ ಬಿಡುವುದರಲ್ಲಿ ನನ್ನ ಬೆನ್ನು ಹಿಡಿದುಕೊಳ್ಳುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಅಟ್ಟದಲ್ಲಿ ಹಳೆಯ ಚೊಂಬು, ತಂಬಿಗೆ, ಗಿಂಡಿ ಏನಾದರೂ ಕಿಲುಬು ಹಿಡಿದು ಬಿದ್ದಿದ್ದರೆ ನಾಲ್ಕು ದಿನದ ಮಟ್ಟಿಗೆ ಕೊಡಿ. ಜೋಪಾನವಾಗಿ ಹಿಂದಿರುಗಿಸುತ್ತೇನೆ. ಆದರೆ ದಯವಿಟ್ಟು ಬೆಳಗಿ ಕೊಡಬೇಡಿ.