ಬಾಸ್ಟನ್ನಿನಲ್ಲಿ ವಾಲಿವಧೆ

ತಾಳಮದ್ದಳೆಯಲ್ಲಿ 32 ವರ್ಷ ಅರ್ಥ ಹೇಳಿದ್ದೇನೆ. ಒಂದು ದಿನವೂ ನನಗೆ ವಾಲಿ ಸಿಗಲಿಲ್ಲ. ಸುಗ್ರೀವ ಸಿಕ್ಕಿದ್ದಾನೆ. ತಾರೆ ಎರಡು ಸಲ ಸಿಕ್ಕಿದ್ದಾಳೆ, ಅದೂ ಹೇಳಬೇಕಾದವರಿಗೆ ಜ್ವರ ಬಂದದ್ದರಿಂದ. ಒಮ್ಮೆ ಲಕ್ಷ್ಮಣನಾಗಿ ಕೂತು ಮೂರು ಗಂಟೆಯಲ್ಲಿ ‘ಅಪ್ಪಣೆ, ಅಣ್ಣಾ’ ಎಂದು ಎರಡೇ ಸಲ ಬಾಯಿ ಬಿಟ್ಟು, ಅವಲಕ್ಕಿ ತಿಂದು ಮನೆಗೆ ಬಂದಿದ್ದೇನೆ. ವಾಲಿ ಯಾವತ್ತಿದ್ದರೂ ಕಾರು ಕಳಿಸಿ ಕರೆಸುವ ದೊಡ್ಡ ಅರ್ಥಧಾರಿಗಳಿಗೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಚಾಪೆಯ ತುದಿಯಲ್ಲಿ ಕೂತು ಕೇಳಿದ ಹುಡುಗ ನಾನು. ಆ ರಾತ್ರಿಯಿಂದ ನನ್ನೊಳಗೊಬ್ಬ ವಾಲಿ ಎದೆಗೆ ಬಾಣ ನೆಟ್ಟುಕೊಂಡು ಮಲಗಿಯೇ ಇದ್ದಾನೆ, ಮಾತಾಡಲು ಪದ್ಯ ಸಿಗದೆ. ‘ನಿಮ್ಮದು ಆಪತ್ತಿಗಾಗುವ ಅರ್ಥ’ ಎನ್ನುತ್ತಾರೆ ನಮ್ಮೂರಿನ ಭಾಗವತರು. ಹೊಗಳಿಕೆಯೆಂದೇ ತಿಳಿದುಕೊಂಡಿದ್ದೇನೆ.

ಆ ವಾಲಿ ಕಳೆದ ಫೆಬ್ರವರಿಯಲ್ಲಿ ಬಾಸ್ಟನ್ ಹತ್ತಿರದ ಒಂದು ಹೋಟೆಲಿನ ಎರಡನೆಯ ಮಹಡಿಯಲ್ಲಿ ಎದ್ದು ಕೂತ.

ಮಗಳ ಮನೆಗೆ ಹೋಗಿದ್ದೆವು. ಹೊರಗೆ ಮೊಣಕಾಲುದ್ದ ಹಿಮ. ಮೊಮ್ಮಗನಿಗೆ ಹದಿಮೂರು ತುಂಬಿದೆ, ಆ ಶನಿವಾರ ಅವನಿಗೊಂದು ಸಮ್ಮೇಳನಕ್ಕೆ ಹೋಗಲೇಬೇಕಿತ್ತು. ವಿಜ್ಞಾನ ಕಥೆ, ಮಾಯಾಲೋಕದ ಕಥೆ ಓದುವವರು, ಅಂಥ ಸಿನಿಮಾ ನೋಡುವವರು ವರ್ಷಕ್ಕೊಮ್ಮೆ ಒಂದೆಡೆ ಸೇರಿ ಮೂರು ದಿನ ಮಾತಾಡುವ ಸಮ್ಮೇಳನವಂತೆ. ದೊಡ್ಡವರು ಜೊತೆಗಿಲ್ಲದೆ ಹುಡುಗರನ್ನು ಒಳಗೆ ಬಿಡುವುದಿಲ್ಲ. ಮಗಳಿಗೆ ಕೆಲಸ, ಅಳಿಯನಿಗೆ ಕೆಲಸ. ಕೆಲಸವಿಲ್ಲದ ದೊಡ್ಡವನು ಮನೆಯಲ್ಲಿ ನಾನೊಬ್ಬನೇ. ಕಾರಿನಿಂದ ಇಳಿಸುವಾಗ ಮಗಳು ಕಿಟಕಿ ಇಳಿಸಿ ಹೇಳಿದಳು: “ಅಪ್ಪಾ, ನೀವು ಒಂದು ಕಡೆ ಸುಮ್ಮನೆ ಕೂತುಕೊಳ್ಳಿ. ಯಾರಲ್ಲಿಯೂ ಚರ್ಚೆಗೆ ಹೋಗಬೇಡಿ.”

ಬಾಗಿಲಲ್ಲಿ ಟಿಕೆಟ್ ಕೇಳಿದೆ. ಇಲ್ಲಿ ಟಿಕೆಟ್ ಇಲ್ಲ, ಮೆಂಬರ್‌ಶಿಪ್ ಎಂದು ಮೇಜಿನ ಹಿಂದಿನ ಹೆಂಗಸು ತಿದ್ದಿದಳು. ಅಂದರೆ ನೋಡಲು ಬಂದವನಲ್ಲ, ನಡೆಸುವವರಲ್ಲಿ ನೀನೂ ಒಬ್ಬ ಎಂದರ್ಥ. ಅವಳಿಗೂ ಸಂಬಳವಿಲ್ಲ, ನೀರಿನ ಜಗ್ಗು ತುಂಬಿಸುವವನಿಗೂ ಇಲ್ಲ, ವೇದಿಕೆಯಲ್ಲಿ ಮಾತಾಡುವವರಿಗೂ ಇಲ್ಲ. ಅವರಿಗೆ ಬಹಳವೆಂದರೆ ಪ್ರವೇಶ ಬಿಟ್ಟಿ. ನನಗೆ ಊರು ತಲುಪಿದ ಹಾಗಾಯಿತು. ನಮ್ಮಲ್ಲೂ ಹವ್ಯಾಸಿ ಸಂಘವೆಂದರೆ ಇಷ್ಟೇ: ಬಾಯಿ ನಮ್ಮದು, ಬಸ್ಸಿನ ಖರ್ಚೂ ನಮ್ಮದು.

ಮೊಮ್ಮಗನ ಸೊಂಟದಲ್ಲಿ ಬೆಳಕಿನ ಕತ್ತಿಯಿತ್ತು, ಪ್ಲಾಸ್ಟಿಕ್ಕಿನದು. ಅದನ್ನು ಇನ್ನೊಂದು ಮೇಜಿಗೆ ಒಯ್ದು, ತಿರುಗಿಸಿ ನೋಡಿ, ಹಿಡಿಗೆ ಕಿತ್ತಳೆ ಬಣ್ಣದ ಪಟ್ಟಿಯೊಂದನ್ನು ಬಿಗಿದು ವಾಪಸು ಕೊಟ್ಟರು. ಆಯುಧಪೂಜೆಯೆಂದುಕೊಂಡು ನಾನು ಕುಂಕುಮಕ್ಕೆ ಕಣ್ಣಾಡಿಸಿದೆ. “ಅದು ಪೀಸ್ ಬಾಂಡ್, ಅಜ್ಜ. ಯಾರಿಗೂ ಹೊಡೆಯುವುದಿಲ್ಲ ಅಂತ,” ಎಂದ ಮೊಮ್ಮಗ. ಕಿಷ್ಕಿಂಧೆಯಲ್ಲಿ ಇಂಥದೊಂದು ಮೇಜು ಇದ್ದಿದ್ದರೆ ನಮ್ಮ ಎಷ್ಟೋ ರಾತ್ರಿಗಳು ಉಳಿಯುತ್ತಿದ್ದವು.

ಒಳಗೆ ಹೋದರೆ ಎಲ್ಲ ತಿರುಗುಮುರುಗು. ಯಕ್ಷಗಾನದಲ್ಲಿ ರಂಗದ ಮೇಲಿನವರಿಗೆ ವೇಷ, ಕೆಳಗಿನವರಿಗೆ ಪಂಚೆ-ಶರಟು. ಇಲ್ಲಿ ಮಾತಾಡುವವರು ಅಂಗಿ ಇಸ್ತ್ರಿ ಕೂಡ ಮಾಡಿಸದೆ ಕೂತಿದ್ದಾರೆ, ಕೇಳುವವರು ಚೌಕಿಯಿಂದ ಈಗಷ್ಟೇ ಎದ್ದು ಬಂದ ಹಾಗಿದ್ದಾರೆ. ರೆಕ್ಕೆಯವರು, ಕೊಂಬಿನವರು, ಬಾಲವನ್ನು ಕುರ್ಚಿಯ ಹಿಂದಿನ ಸಂದಿಯಲ್ಲಿ ತೂರಿಸಿ ಎಚ್ಚರದಿಂದ ಕೂರುವವರು. ಮೈಗೆಲ್ಲ ನೀಲಿ ಬಳಿದುಕೊಂಡ ಹೆಂಗಸೊಬ್ಬಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ನಾನು ಚಳಿಗೆ ಮಂಗನ ಟೋಪಿ ಹಾಕಿ, ಅದರ ಮೇಲೆ ಮಫ್ಲರು ಸುತ್ತಿ, ಹೆಂಡತಿಯ ಕಂದು ಶಾಲು ಹೊದ್ದಿದ್ದೆ. ಎಲ್ಲಿಯದು ಎಂದು ಕೇಳಿದಳು. ಪುತ್ತೂರು ಎಂದೆ. ಎಷ್ಟು ಭಾಗ ಬಂದಿದೆ ಎಂದಳು. ನನಗೆ ಪ್ರಶ್ನೆ ಅರ್ಥವಾಗುವಷ್ಟರಲ್ಲಿ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋಗಿಯೂ ಆಗಿತ್ತು.

ಆಮೇಲೆ ಗೋಷ್ಠಿಗಳು. ಇವಕ್ಕೆ ಪ್ಯಾನೆಲ್ ಎನ್ನುತ್ತಾರೆ. ಉದ್ದ ಮೇಜು, ನಾಲ್ಕೈದು ಜನ, ನಡುವೆ ಒಬ್ಬರು ಮಾಡರೇಟರು. ಒಂದೊಂದು ಕೋಣೆಯಲ್ಲಿ ಒಂದೊಂದು, ತಾಸಿಗೊಂದು, ಬೆಳಗ್ಗೆಯಿಂದ ರಾತ್ರಿವರೆಗೆ. ಆಗಿಯೇ ಇಲ್ಲದ ಸಂಗತಿಯ ಬಗ್ಗೆ, ಹುಟ್ಟಿಯೇ ಇಲ್ಲದವರ ಪರವಾಗಿ, ಎದುರಿನವನ ಮರ್ಯಾದೆ ಹೋಗದ ಹಾಗೆ ಮಾತಿನಿಂದ ಹೊಡೆಯುವುದು. ಇದಕ್ಕೆ ನಮ್ಮಲ್ಲಿ ಬೇರೆ ಹೆಸರಿದೆಯೆಂದು ಅವರಿಗೆ ಗೊತ್ತಿಲ್ಲ, ಅಷ್ಟೆ. ಮದ್ದಳೆಯೊಂದು ಇರಲಿಲ್ಲ. ಆದರೆ ಪ್ರತಿ ಕೋಣೆಯ ಹಿಂದಿನ ಸಾಲಿನಲ್ಲಿ ಮೂರು ನಾಲ್ಕು ಜನ ಉಣ್ಣೆ ಹೆಣೆಯುತ್ತ ಕೂತಿದ್ದರು. ಆ ಸೂಜಿಗಳ ಟಿಕ್ ಟಿಕ್ಕಿಗೆ ಸಣ್ಣದೊಂದು ಏಕತಾಳ ತಾನಾಗಿ ಕೂಡಿ ಬರುತ್ತಿತ್ತು.

ಮೊದಲನೆಯದು ಡ್ರ್ಯಾಗನ್ ಹಾರೀತೇ ಎಂಬುದು. ಹಾರದು. ಅಳತೆ ಎರಡು ಪಟ್ಟಾದರೆ ರೆಕ್ಕೆಯ ಹರಹು 4 ಪಟ್ಟು, ಮೈಭಾರ 8 ಪಟ್ಟು ಎಂದು ಒಬ್ಬರು ಬೋರ್ಡಿನ ಮೇಲೆ ಬರೆದು ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಗರುಡ ಮಾತ್ರ ಇನ್ನು ವಿಷ್ಣುವನ್ನು ಹೇಗೆ ಹೊರುತ್ತಾನೋ ಎಂದು ನಾನು ಒಬ್ಬನೇ ಚಿಂತೆ ಮಾಡಿದೆ.

ಎರಡನೆಯದು ಬಾಲ್‌ರಾಗನಿಗೆ ರೆಕ್ಕೆ ಉಂಟೇ ಎಂದು. ಟೋಲ್ಕಿನ್ 1954ರಲ್ಲಿ ಅಚ್ಚು ಹಾಕಿಸಿದ ಕಥೆಯಲ್ಲಿ ಬರುವ ಬೆಂಕಿಯ ರಾಕ್ಷಸ ಅವನು. ಅವನ ಸುತ್ತಿನ ನೆರಳು ರೆಕ್ಕೆಯ ಹಾಗೆ ಚಾಚಿತು ಎಂದು ಒಂದು ಕಡೆ ಬರೆದ ಪುಣ್ಯಾತ್ಮ, ಸ್ವಲ್ಪ ಕೆಳಗೆ ರೆಕ್ಕೆ ಗೋಡೆಯಿಂದ ಗೋಡೆಗೆ ಹರಡಿತು ಎಂದು ಬರೆದುಬಿಟ್ಟಿದ್ದಾರೆ. 1973ರಲ್ಲಿ ತೀರಿಕೊಂಡವರನ್ನು ಇನ್ನು ಕೇಳುವ ಹಾಗೂ ಇಲ್ಲ. ನೆರಳೇ ರೆಕ್ಕೆ ಎನ್ನುವವರು ಒಂದು ಪಕ್ಷ, ರೆಕ್ಕೆಯೇ ರೆಕ್ಕೆ ಎನ್ನುವವರು ಇನ್ನೊಂದು. ರೆಕ್ಕೆಯಿದ್ದವನು ಸೇತುವೆ ಮುರಿದಾಗ ಪಾತಾಳಕ್ಕೆ ಬಿದ್ದದ್ದು ಯಾಕೆ ಎಂದು ಒಬ್ಬಳು ಮೇಜು ಕುಟ್ಟಿದಳು. ನಮ್ಮ ಮನೆಯ ಕೋಳಿಗೂ ರೆಕ್ಕೆಯಿತ್ತು, ಬಾವಿಗೆ ಬಿದ್ದಾಗ ಬುಟ್ಟಿ ಇಳಿಸಿ ನಾನೇ ಎತ್ತಿದ್ದು. ಮಾತು ನಾಲಗೆಯ ತುದಿಗೆ ಬಂದಿತ್ತು. ಮಗಳ ಮುಖ ನೆನಪಾಗಿ ನುಂಗಿಕೊಂಡೆ.

ಮಧ್ಯಾಹ್ನ ಮೇಲಿನ ಒಂದು ಕೋಣೆಯಲ್ಲಿ ಎಲ್ಲರಿಗೂ ಕಾಫಿ, ಚಿಪ್ಸು, ಒಣ ಬಿಸ್ಕತ್ತು ಧರ್ಮಕ್ಕೆ. ಅಲ್ಲಿ ನನ್ನಷ್ಟೇ ವಯಸ್ಸಿನ ಬಿಳಿ ಗಡ್ಡದವರೊಬ್ಬರು ಸಿಕ್ಕಿದರು. ಕೊರಳಿನ ಬಿಲ್ಲೆಗೆ ಒಂದರ ಕೆಳಗೊಂದು ಅಂಟಿಸಿದ ಬಣ್ಣದ ರಿಬ್ಬನ್ನುಗಳು ಹೊಟ್ಟೆಯವರೆಗೆ ಇಳಿದಿದ್ದವು. ಈ ಸಮ್ಮೇಳನಗಳ ಸ್ಥಳಪುರಾಣ ಅವರ ಬಾಯಲ್ಲಿ ಕೇಳಬೇಕು. ವಿಶ್ವ ಸಮ್ಮೇಳನ ಮೊದಲು ಸೇರಿದ್ದು 1939ರ ಜುಲೈ 2ಕ್ಕೆ, ನ್ಯೂಯಾರ್ಕಿನಲ್ಲಿ; ಬಂದವರು ಸುಮಾರು 200 ಮಂದಿ. ಲಾಸ್ ಏಂಜಲಿಸ್‌ನ ಫಾರೆಸ್ಟ್ ಆಕರ್‌ಮನ್ ಎಂಬ ತರುಣ ಭವಿಷ್ಯಕಾಲದ ಉಡುಪು ಧರಿಸಿ ಬಂದನಂತೆ. ಹೊಲಿದುಕೊಟ್ಟವಳು ಅವನ ಗೆಳತಿ ಮರ್ಟಲ್ ಡಗ್ಲಸ್, ತನಗೂ ಒಂದು ಹೊಲಿದುಕೊಂಡಿದ್ದಳು. ಇವತ್ತಿನ ಈ ಕೊಂಬು, ಬಾಲ, ನೀಲಿ ಬಣ್ಣಕ್ಕೆಲ್ಲ ಮೂಲ ಆ ಹೊಲಿಗೆ ಎಂದರು.

“ಜಗಳ ಇರಲಿಲ್ಲವೇ?” ಎಂದೆ. ಅನುಭವದ ಪ್ರಶ್ನೆ. ಅವರ ಕಣ್ಣು ಅರಳಿತು. ಇಲ್ಲದೆ! ಎದುರು ಪಕ್ಷದವರು ಕರಪತ್ರ ಹಂಚಿ ಗಲಾಟೆ ಎಬ್ಬಿಸುತ್ತಾರೆಂದು ಆರು ಮಂದಿಯನ್ನು ಬಾಗಿಲಲ್ಲೇ ತಡೆದರಂತೆ. ಆ ಆರರಲ್ಲಿ ಮುಂದೆ ದೊಡ್ಡ ಲೇಖಕರಾದ ಫ್ರೆಡರಿಕ್ ಪೋಲ್ ಒಬ್ಬರು. ಅದೇ ಗುಂಪಿನ ಗೆಳೆಯ, 19 ವರ್ಷದ ಐಸಾಕ್ ಅಸಿಮೊವ್ ಮಾತ್ರ ಒಳಗೆ ಹೋಗಿ ಕೂತರು. ಗಡ್ಡದವರು ಆಗ ಹುಟ್ಟಿಯೂ ಇರಲಿಲ್ಲ, ಆದರೂ ಬಾಗಿಲ ಚಿಲಕ ತಾನೇ ಹಿಡಿದಿದ್ದೆ ಎನ್ನುವ ಹಾಗೆ ಹೇಳಿದರು. ಮೇಳ ಒಡೆಯುವುದಕ್ಕೆ ಆಟ ಶುರುವಾಗುವವರೆಗೂ ಕಾಯಬೇಕಾಗಿಲ್ಲವೆಂದು ನಾನೂ ನಮ್ಮ ಕಡೆಯ ಎರಡು ಉದಾಹರಣೆ ಕೊಟ್ಟೆ.

ಮೂರು ಗಂಟೆಗೆ ಮೊಮ್ಮಗ ಕಾಯುತ್ತಿದ್ದ ಗೋಷ್ಠಿ. ವಿಷಯ: ಮೊದಲು ಹೊಡೆದವರು ಯಾರು?

ಪ್ರಸಂಗವನ್ನು ಅವನೇ ನನ್ನ ಕಿವಿಯಲ್ಲಿ ಹೇಳಿದ. 1977ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಹ್ಯಾನ್ ಸೋಲೋ ಎಂಬ ವೀರ. ಹೆಂಡದಂಗಡಿಯಲ್ಲಿ ಗ್ರೀಡೋ ಎಂಬವನು ಎದುರು ಕೂತು ಬೆದರಿಸುತ್ತಿರುವಾಗ, ಹ್ಯಾನ್ ಮೇಜಿನ ಅಡಿಯಲ್ಲಿ ಮೆಲ್ಲಗೆ ಬಂದೂಕು ಎಳೆದು ಹೊಡೆದು ಮುಗಿಸುತ್ತಾನೆ. ನಾಯಕನಾದವನು ಹೀಗೆ ಮಾಡಬಹುದೇ ಎಂದು ನಿರ್ದೇಶಕ ಜಾರ್ಜ್ ಲೂಕಾಸ್‌ಗೆ ಆಮೇಲೆ ಅನ್ನಿಸಿತು. 1997ರಲ್ಲಿ ತಿದ್ದಿ, ಗ್ರೀಡೋನೇ ಮೊದಲು ಹೊಡೆದು ಗುರಿ ತಪ್ಪುವ ಹಾಗೆ ಮಾಡಿದರು, ಮೇಜಿನ ಅಂತರದಿಂದ. 2004ರಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೆ ಹೊಡೆದರು. 2019ರಲ್ಲಿ ಗ್ರೀಡೋ ಸಾಯುವ ಮೊದಲು ‘ಮಕ್ಲಂಕಿ’ ಎಂದ.

“ಹಾಗೆಂದರೆ?”

“ಗೊತ್ತಿಲ್ಲ, ಅಜ್ಜ.”

ನನ್ನ ಕಿವಿ ನೆಟ್ಟಗಾದದ್ದು ಮಕ್ಲಂಕಿಗಲ್ಲ, ಮೇಜಿನ ಅಡಿಗೆ. ಮೇಜಿನ ಅಡಿ, ಮರದ ಮರೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಆರೂವರೆ ಅಡಿ ಎತ್ತರದ, ಮೈತುಂಬ ಕಂದು ಕೂದಲಿನ ಒಂದು ಆಕೃತಿ ಬಂದು ಕೂತಿತು. ಇವನ್ಯಾರು ಎಂದೆ. ಚೂಬಾಕ, ಹ್ಯಾನ್‌ನ ಪ್ರಾಣಸ್ನೇಹಿತ ಎಂದ ಹುಡುಗ. ಇನ್ನೇನು ಬಾಕಿ ಉಳಿಯಿತು? ಸ್ನೇಹ ಬೆಳೆಸಿದ ಕಪಿವೀರನೂ ಇದ್ದಾನೆ!

ಗೋಷ್ಠಿ ನಲವತ್ತು ನಿಮಿಷ ನಡೆಯಿತು. ಒಬ್ಬನೂ ಧರ್ಮಸೂಕ್ಷ್ಮದ ಹತ್ತಿರ ಹೋಗಲಿಲ್ಲ, ಎಲ್ಲ ಎಡಿಟಿಂಗು, ಫ್ರೇಮು. ಪ್ರಶ್ನೆಗಳಿದ್ದರೆ ಕೇಳಿ, ದಯವಿಟ್ಟು ಪ್ರಶ್ನೆಯನ್ನೇ ಕೇಳಿ, ಅಭಿಪ್ರಾಯ ಬೇಡ ಎಂದಳು ಮಾಡರೇಟರ್ ಹುಡುಗಿ. ನನ್ನ ಕೈ ಮೇಲೆ ಹೋಗಿತ್ತು. ನಾನು ಎತ್ತಿದ್ದಲ್ಲ, ವಾಲಿ ಎತ್ತಿದ್ದು. ಮೊಮ್ಮಗ ಕತ್ತಿಯ ಹಿಂದೆ ಮುಖ ಮುಚ್ಚಿಕೊಂಡ.

ಕಥೆ ಎರಡು ಮಾತಿನಲ್ಲಿ ಹೇಳಿದೆ: ಅಣ್ಣತಮ್ಮಂದಿರ ಜಗಳ, ತಮ್ಮನ ಪರವಾಗಿ ರಾಮ, ಮರ, ಬಾಣ. ಇನ್ನು ವಾಲಿಯ ಮಾತು. ನನಗೆ ಇರುವುದು ಸಹಕಾರಿ ಸಂಘದಲ್ಲಿ ಕಲಿತ ಇಂಗ್ಲಿಷು. ಸಾಯುತ್ತಿರುವ ವಾಲಿ ರಾಮನಿಗೆ “ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ಯುವರ್ ಆ್ಯರೋ ಆಫ್ ಈವನ್ ಡೇಟ್” ಎಂದು ಶುರುಮಾಡಿದ. ಆದರೆ ಸ್ವಾಮಿ, ಸ್ವರ ಏರಿತು. ನಿನಗೂ ನನಗೂ ಏನು ವೈರ? ಮಂಗನ ಮಾಂಸ ತಿನ್ನುವುದಿಲ್ಲ, ಚರ್ಮ ಹೊದೆಯುವುದಿಲ್ಲ, ಮತ್ತೆ ಇದು ಯಾವ ಬೇಟೆ? ಹೆಂಡತಿಗಾಗಿ ಎನ್ನುವೆಯಾದರೆ, ರಾವಣನನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗಿದವನು ನಾನು. ನನಗೊಂದು ಮಾತು ಹೇಳಿದ್ದರೆ ಸಾಲದಿತ್ತೇ? ಮಫ್ಲರು ಜಾರಿತು. ಮಂಗನ ಟೋಪಿ ಕಿರೀಟದ ಹಾಗೆ ಬಿಗಿಯಾಗಿ ಕೂತಿತ್ತು. ಹಿಂದಿನ ಬಾಗಿಲಲ್ಲಿ ನಿಂತವನು 5 ಎಂದು ಬರೆದ ಚೀಟಿ ತೋರಿಸಿದ, ಆಮೇಲೆ 1 ತೋರಿಸಿದ. ನಾನು ಅದನ್ನು ಅಂಕವೆಂದುಕೊಂಡು ಇನ್ನಷ್ಟು ಚೆನ್ನಾಗಿ ಹೇಳತೊಡಗಿದೆ.

ಕೊನೆಗೆ ಆ ಹುಡುಗಿ ಪೆನ್ನಿನಿಂದ ನೀರಿನ ಗಾಜಿನ ಲೋಟಕ್ಕೆ ಟಣ್ ಎಂದು ಬಡಿದಳು. ಅವಳಿಗೆ ಯಾರು ಹೇಳಿಕೊಟ್ಟರೋ! ಅರ್ಥ ಲಂಬಿಸಿದಾಗ ನಮ್ಮ ಭಾಗವತರು ಜಾಗಟೆಗೆ ಕೋಲು ತಾಗಿಸುವುದು ಹೀಗೆಯೇ. 32 ವರ್ಷದ ಅಭ್ಯಾಸ. ವಾಲಿ ಅರ್ಧ ಶಬ್ದದಲ್ಲಿ ಬಾಯಿ ಮುಚ್ಚಿದ.

ಕೋಣೆಯಲ್ಲಿ ಸೂಜಿಯ ಸದ್ದು ಕೂಡ ನಿಂತಿತ್ತು. ಹೆಣೆಯುವವರಲ್ಲಿ ಒಬ್ಬಾಕೆ, ಕಾಲುಚೀಲದ ಹಿಮ್ಮಡಿಯವರೆಗೆ ಬಂದಿದ್ದಳು, ಕೈಯೆತ್ತಿ ಕೇಳಿದಳು: ಮರದ ಮರೆಯಿಂದ ಹೊಡೆದದ್ದು ಮೂಲದಲ್ಲೇ ಇದೆಯೋ, ಆಮೇಲೆ ಯಾರಾದರೂ ತಿದ್ದಿ ಸೇರಿಸಿದ್ದೋ?

ಇಂಥ ಎದುರು ಅರ್ಥ ನನಗೆ ಪುತ್ತೂರಿನಲ್ಲಿ ಬಂದದ್ದಿಲ್ಲ. ಮೂಲದಲ್ಲೇ ಇದೆ, ವಾಲ್ಮೀಕಿಯದೇ ಎಂದೆ. ತಿದ್ದಿದವರೂ ಇದ್ದಾರೆ ಎಂದೆ. ನಮ್ಮ ಭಾಷೆಯಲ್ಲಿ ನಾಗಚಂದ್ರನೆಂಬ ಜೈನ ಕವಿ, ಸುಮಾರು 900 ವರ್ಷ ಹಿಂದಿನವನು. ಅವನ ರಾಮಾಯಣದಲ್ಲಿ ವಾಲಿ ರಾಜ್ಯವನ್ನು ತಮ್ಮನಿಗೆ ಬಿಟ್ಟು ಸನ್ಯಾಸಿಯಾಗಿ ಹೋಗುತ್ತಾನೆ. ರಾಮ ಅವನಿಗೆ ಬಾಣ ಬಿಡುವುದೇ ಇಲ್ಲ. ರಾವಣನನ್ನು ಕೊಲ್ಲುವವನೂ ಲಕ್ಷ್ಮಣ.

ಚೂಬಾಕ ಎರಡೂ ಕೈಯಿಂದ ತನ್ನ ತಲೆಯನ್ನು ಕಳಚಿ ತೊಡೆಯ ಮೇಲಿಟ್ಟುಕೊಂಡ. ಒಳಗೊಬ್ಬ ಕೆಂಪು ಮುಖದ ಹುಡುಗ, ಬೆವರು ಸುರಿಯುತ್ತಿದೆ. “ಯಾರೂ ಹೊಡೆಯಲೇ ಇಲ್ಲವೇ?” ಎಂದ, ಮನೆಯಲ್ಲಿ ಯಾರೋ ಹೋದರೆಂಬ ದನಿಯಲ್ಲಿ. ಅದಕ್ಕೆ ಜನ ಗಲಾಟೆ ಮಾಡಲಿಲ್ಲವೇ ಎಂದು ಮತ್ತೊಬ್ಬ ಕೇಳಿದ. ಇಲ್ಲ, ಎರಡನ್ನೂ ಇಟ್ಟುಕೊಂಡರು ಎಂದೆ. ಮುಂದಿನ ಗೋಷ್ಠಿಯವರು ಬಾಗಿಲು ತಟ್ಟುತ್ತಿದ್ದರು.

ಕಾರಿನಲ್ಲಿ ಮಗಳು ಕೇಳಿದಾಗ ಮೊಮ್ಮಗ ನನ್ನ ಮರ್ಯಾದೆ ಉಳಿಸಿದ. “ಅಜ್ಜ ಒಂದು ಪ್ರಶ್ನೆ ಕೇಳಿದರು,” ಎಂದ ಅಷ್ಟೆ. ಅವಳು ಕನ್ನಡಿಯಲ್ಲಿ ನನ್ನನ್ನು ಬಹಳ ಹೊತ್ತು ನೋಡಿದಳು.

ರಾತ್ರಿ ಏಳಕ್ಕೆ, ಅಂದರೆ ಊರಿನಲ್ಲಿ ಬೆಳಗ್ಗೆ ಐದೂವರೆಗೆ, ಭಾಗವತರಿಗೆ ಫೋನು ಮಾಡಿದೆ.

“ಭಾಗವತರೇ, ಇವತ್ತು ವಾಲಿ ಆಯಿತು.”

“ಎಲ್ಲಿ?”

“ಬಾಸ್ಟನ್ನಿನಲ್ಲಿ.”

“ಎಷ್ಟು ಹೊತ್ತು?”

“ಹನ್ನೊಂದು ನಿಮಿಷ. ಮೊಮ್ಮಗ ಲೆಕ್ಕ ಇಟ್ಟಿದ್ದಾನೆ.”

“ಪೀಠಿಕೆಗೇ ಸಾಲದಲ್ಲ ಮಾರಾಯ್ರೆ. ರಾಮ ಯಾರದ್ದು?”

“ಹ್ಯಾನ್ ಸೋಲೋ ಅಂತ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕೋಳಿ ಕೂಗಿದ್ದು ಕೇಳಿಸಿತು.

“ಹೆಸರು ಕೇಳಿದ ಹಾಗೆ ಉಂಟು,” ಎಂದರು ಭಾಗವತರು. “ಯಾವ ಮೇಳದವರು?”